ದುಡ್ಡು ನಮ್ಮದು, ಬೀಗದ ಕೈ ಅವರದು

ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ 2012ರ ಫೆಬ್ರುವರಿಯಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆದದ್ದು ಈಗ ಹೆಚ್ಚು ಜನಕ್ಕೆ ನೆನಪಿರಲಾರದು. ಹಾಡುಗಳನ್ನು ಬಿಡಿಬಿಡಿಯಾಗಿ, ಹತ್ತು ಹದಿನೈದು ರೂಪಾಯಿಗೆ, ಎಂಪಿ3 ಫೈಲಾಗಿ ಅಲ್ಲಿ ಕೊಳ್ಳಬಹುದಿತ್ತು. ವ್ಯಾಪಾರ ಕುದುರಲಿಲ್ಲ. ಪುಕ್ಕಟೆ ಸಿಗುವ ಹಾಡಿಗೆ ದುಡ್ಡು ಯಾಕೆ ಕೊಡಬೇಕು ಎನ್ನುವ ಗಿರಾಕಿ ಒಂದು ಕಡೆ. ಯುಪಿಐ ಇನ್ನೂ ಬಂದಿರದ ಕಾಲದಲ್ಲಿ ಹತ್ತು ರೂಪಾಯಿ ಪಾವತಿಸುವುದೇ ಒಂದು ಫಜೀತಿಯಾಗಿದ್ದದ್ದು ಇನ್ನೊಂದು ಕಡೆ. 2013ರ ಜೂನ್ 17ಕ್ಕೆ ಅಂಗಡಿಯ ಬಾಗಿಲು ಹಾಕಿದರು. ಕೊಂಡ ಹಾಡುಗಳನ್ನು ಇಳಿಸಿಕೊಳ್ಳಲು ಆಗಸ್ಟ್ 18ರವರೆಗೆ ಗಡುವು ಕೊಟ್ಟರು. ಗಡುವಿನೊಳಗೆ ಇಳಿಸಿಟ್ಟುಕೊಂಡು ಜೋಪಾನ ಮಾಡಿದವರಿಗೆ ಆ ಹಾಡುಗಳು ಇವತ್ತೂ ಕೇಳಲು ಸಿಗುತ್ತವೆ, ಫೋನು ಎಷ್ಟು ಸಲ ಬದಲಾಗಿದ್ದರೂ. ಅಂಗಡಿ ಹೋಯಿತು, ಸರಕು ಉಳಿಯಿತು.

ಇದಕ್ಕೆ ಐದು ವರ್ಷ ಮೊದಲು ಅಮೆರಿಕದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮೈಕ್ರೊಸಾಫ್ಟ್‌ನ ‘ಎಂಎಸ್‌ಎನ್ ಮ್ಯೂಸಿಕ್’ 2006ರಲ್ಲೇ ಮಾರಾಟ ನಿಲ್ಲಿಸಿತ್ತು. 2008ರ ಏಪ್ರಿಲ್‌ನಲ್ಲಿ ಹಳೆಯ ಗಿರಾಕಿಗಳಿಗೆ ಒಂದು ಸೂಚನೆ ಹೋಯಿತು: ಹಾಡುಗಳಿಗೆ ಪರವಾನಗಿ ಕೊಡುವ ಸರ್ವರನ್ನು ಆಗಸ್ಟ್ 31ರ ನಂತರ ನಡೆಸುವುದಿಲ್ಲ. ಆಗ ಇದ್ದ ಕಂಪ್ಯೂಟರಿನಲ್ಲಿ ಹಾಡು ಕೇಳಲು ಅಡ್ಡಿಯಿಲ್ಲ. ಆದರೆ ಕಂಪ್ಯೂಟರ್ ಕೆಟ್ಟು ಹೊಸದು ತಂದರೆ, ವಿಂಡೋಸ್ ಹೊಸದಾಗಿ ಹಾಕಿಸಿದರೆ, ಅಲ್ಲಿಗೆ ಮುಗಿಯಿತು. ಫೈಲು ಕಣ್ಣಿಗೆ ಕಾಣುತ್ತದೆ, ಹೆಸರು ಸರಿಯಾಗಿದೆ, ಗಾತ್ರವೂ ಸರಿಯಾಗಿದೆ, ಹಾಡುವುದಿಲ್ಲ. ಗಿರಾಕಿಗಳು ರೇಗಿದರು. 2011ರ ಕೊನೆಯವರೆಗಾದರೂ ಸರ್ವರ್ ನಡೆಸುತ್ತೇವೆ ಎಂದು ಕಂಪನಿ ಹಿಂದೆ ಸರಿಯಿತು. ಅಂದರೆ ಮರಣದಂಡನೆ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ. 2008ರಲ್ಲೇ ಯಾಹೂ ತನ್ನ ಹಾಡಿನ ಅಂಗಡಿಯ ಪರವಾನಗಿ ಸರ್ವರನ್ನು ಸೆಪ್ಟೆಂಬರ್ 30ಕ್ಕೆ ನಿಲ್ಲಿಸುವುದಾಗಿ ಹೇಳಿ, ಬೈಗುಳ ತಿಂದು, ಕೊಂಡವರಿಗೆ ಪರಿಹಾರ ಕೊಟ್ಟಿತು. ವಾಲ್‌ಮಾರ್ಟ್ ಅಕ್ಟೋಬರ್ 9 ಎಂದು ದಿನ ಗೊತ್ತು ಮಾಡಿ ಆಮೇಲೆ ತಡೆದುಕೊಂಡಿತು. ಸೋನಿಯ ‘ಕನೆಕ್ಟ್’ ಆ ಹೊತ್ತಿಗೆ ಕಣ್ಣು ಮುಚ್ಚಿಯಾಗಿತ್ತು. ಒಂದೇ ವರ್ಷದಲ್ಲಿ ಇಷ್ಟು.

ಎರಡೂ ಕಡೆ ಅಂಗಡಿ ಮುಚ್ಚಿತು. ಒಂದು ಕಡೆ ಗಿರಾಕಿಗೆ ನಷ್ಟವಾಗಲಿಲ್ಲ, ಇನ್ನೊಂದು ಕಡೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮವಾಯಿತು. ಕಂಪನಿ ದೊಡ್ಡದೋ ಸಣ್ಣದೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಮೈಕ್ರೊಸಾಫ್ಟ್‌ಗಿಂತ ದೊಡ್ಡ ಕಂಪನಿಯನ್ನು ಎಲ್ಲಿಂದ ತರುವುದು? ಲೆಕ್ಕಕ್ಕೆ ಬಂದದ್ದು ಒಂದೇ, ಹಾಡಿನ ಫೈಲಿಗೆ ಬೀಗ ಇತ್ತೋ ಇರಲಿಲ್ಲವೋ. ಹಾಡು ಕೊಳ್ಳುವವರು ಅಂಗಡಿಯ ಹೆಸರು, ಬೆಲೆ, ಸಂಗ್ರಹದ ಗಾತ್ರ ಎಲ್ಲವನ್ನೂ ವಿಚಾರಿಸುತ್ತಾರೆ. ಈ ಬೀಗವೊಂದನ್ನು ವಿಚಾರಿಸುವುದಿಲ್ಲ. ಈಗ ಈ ಮಾತು ಎತ್ತಲು ಕಾರಣ, 2009ರಲ್ಲಿ ಸತ್ತಿತು ಎಂದು ನಾವೆಲ್ಲ ನಂಬಿದ್ದ ಬೀಗ ಬೇರೆ ವೇಷದಲ್ಲಿ ಮನೆಯೊಳಗೆ ಬಂದು ಕೂತಿದೆ, ಬೀಗವಿಲ್ಲದೆ ಮಾರುವ ಅಂಗಡಿಗಳು ಬೆರಳೆಣಿಕೆಗೆ ಇಳಿಯುತ್ತಿವೆ.

ಬೀಗ ಕೆಲಸ ಮಾಡುವ ಬಗೆ ಸರಳ. ಹಾಡಿನ ಫೈಲನ್ನು ಗೂಢಲಿಪಿಗೆ ತಿರುಗಿಸಿ ಮಾರುತ್ತಾರೆ. ಅದನ್ನು ಬಿಡಿಸುವ ಕೀಲಿ ಅಂಗಡಿಯ ಸರ್ವರಿನಲ್ಲಿರುತ್ತದೆ. ಹೊಸ ಯಂತ್ರದಲ್ಲಿ ಹಾಡು ಹಾಕಿದಾಗ ಪ್ಲೇಯರ್ ಸರ್ವರಿಗೆ ಫೋನಾಯಿಸಿ, ಈ ಗಿರಾಕಿಗೆ ಈ ಯಂತ್ರದಲ್ಲಿ ಕೇಳುವ ಅಪ್ಪಣೆ ಇದೆಯೇ ಎಂದು ಕೇಳುತ್ತದೆ. ಇದೆ ಎಂದರೆ ಕೀಲಿ ಬರುತ್ತದೆ. ಉತ್ತರ ಕೊಡಲು ಆ ಕಡೆ ಯಾರೂ ಇಲ್ಲವೆಂದರೆ ಬರುವುದಿಲ್ಲ. ಮನೆ ಮಾರಿದವನು ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಂಡು, ‘ಬೇಕಾದಾಗ ಕೂಗಿ, ಬಂದು ತೆಗೆದುಕೊಡುತ್ತೇನೆ’ ಎಂದ ಹಾಗೆ. ಇದನ್ನು ಉದ್ಯಮದಲ್ಲಿ ಡಿಆರ್‌ಎಂ ಎನ್ನುತ್ತಾರೆ.

ತಂತ್ರಕ್ಕಿಂತ ಇದರ ಹಿಂದಿನ ಲೆಕ್ಕಾಚಾರವನ್ನು ನೋಡಬೇಕು. ಒಂದು ಹಾಡಿಗೆ ಗಿರಾಕಿ ಒಂದೇ ಸಲ ದುಡ್ಡು ಕೊಡುತ್ತಾನೆ. ಅದರಲ್ಲಿ ದೊಡ್ಡ ಪಾಲು ಸಂಗೀತ ಕಂಪನಿಗೆ ಹೋಗುತ್ತದೆ, ಅಂಗಡಿಗೆ ಉಳಿಯುವುದು ಚಿಲ್ಲರೆ. ಆ ಚಿಲ್ಲರೆಯನ್ನು ಪಡೆದ ತಪ್ಪಿಗೆ ಅಂಗಡಿಯವನು ಆ ಗಿರಾಕಿ ಬದುಕಿರುವಷ್ಟು ಕಾಲ ಸರ್ವರ್ ನಡೆಸಬೇಕು, ಎಂಜಿನಿಯರಿಗೆ ಸಂಬಳ ಕೊಡಬೇಕು, ಪ್ರತಿ ಹೊಸ ವಿಂಡೋಸಿಗೂ ಪ್ರತಿ ಹೊಸ ಫೋನಿಗೂ ಬೀಗವನ್ನು ಹೊಂದಿಸಿಕೊಡಬೇಕು. ಆದಾಯ ಒಂದು ದಿನದ್ದು, ಖರ್ಚು ಜೀವಮಾನದ್ದು. ಇಂಥ ವ್ಯಾಪಾರವನ್ನು ಯಾವ ಶೆಟ್ಟರೂ ಒಪ್ಪಲಾರರು. ಮಾರಾಟ ಏರುತ್ತಿರುವಷ್ಟು ದಿನ ಹೊಸ ಗಿರಾಕಿಯ ದುಡ್ಡಿನಲ್ಲಿ ಹಳೆಯ ಗಿರಾಕಿಯ ಕೀಲಿಯ ಖರ್ಚು ತೂಗುತ್ತದೆ. ಮಾರಾಟ ನಿಂತ ದಿನ ಪ್ರತಿ ಹಳೆಯ ಗಿರಾಕಿಯೂ ಬರೀ ಸಾಲ. ಆದ್ದರಿಂದ ಬೀಗ ಹಾಕಿ ಮಾರುವ ಅಂಗಡಿ ಇವತ್ತಲ್ಲ ನಾಳೆ ಕೀಲಿ ಕೊಡುವುದನ್ನು ನಿಲ್ಲಿಸುತ್ತದೆ ಎಂದು ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ. ಆ ಕಂಪನಿಯವರು ಕೆಟ್ಟವರೇ ಆಗಿರಬೇಕೆಂದೂ ಇಲ್ಲ.

ಬೀಗ ಹುಟ್ಟಿದ್ದು ಹೆದರಿಕೆಯಿಂದ, ಆ ಹೆದರಿಕೆ ಸುಳ್ಳಾಗಿರಲಿಲ್ಲ. 1999ರಲ್ಲಿ ನ್ಯಾಪ್‌ಸ್ಟರ್ ಬಂದು ಜಗತ್ತಿನ ಹಾಡುಗಳನ್ನೆಲ್ಲ ಕಾಲೇಜು ಹುಡುಗರ ಕಂಪ್ಯೂಟರಿಗೆ ಸುರಿಯಿತು. ನಮ್ಮಲ್ಲಿ ಆ ಕೆಲಸಕ್ಕೆ ಇಂಟರ್‌ನೆಟ್ಟೂ ಬೇಕಾಗಿರಲಿಲ್ಲ. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುವ ಅಂಗಡಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿತ್ತು. ಆಮೇಲೆ ಅದೇ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ‘ಅಣ್ಣಾ, ಸಾಂಗ್ಸ್ ಹಾಕ್ಕೊಡಿ’ ಎಂದು ಮೆಮೊರಿ ಕಾರ್ಡ್ ಚಾಚಿದರೆ ಒಂದು ತಲೆಮಾರಿನ ಸಂಗೀತವೆಲ್ಲ ಜೇಬಿಗೆ ಬರುತ್ತಿತ್ತು. ಹಾಡಿದವರಿಗೆ, ಬರೆದವರಿಗೆ, ರಾಗ ಹಾಕಿದವರಿಗೆ ಅದರಿಂದ ಬಿಡಿಗಾಸು ಹೋಗಲಿಲ್ಲ. ಕಂಪನಿಗಳ ಸಂಕಟ ನಿಜವಾದದ್ದು. ಅವರು ಹಿಡಿದ ಮದ್ದು ಮಾತ್ರ ರೋಗಿಯನ್ನು ಬಿಟ್ಟು ಪಕ್ಕದ ಮನೆಯವನಿಗೆ ಕುಡಿಸಿದಂಥದ್ದು. ಬೀಗದ ಕಾಟ ಕದ್ದವನಿಗೆ ತಟ್ಟಲಿಲ್ಲ, ಕೊಂಡವನಿಗೇ ತಟ್ಟಿತು.

ಇದರ ಅತಿರೇಕ 2005ರಲ್ಲಿ ಬಯಲಾಯಿತು. ಸೋನಿ ಬಿಎಂಜಿ ಕಂಪನಿ ತನ್ನ ಕೆಲವು ಸಿಡಿಗಳಲ್ಲಿ ಎಕ್ಸ್‌ಸಿಪಿ ಎಂಬ ನಕಲು ತಡೆ ತಂತ್ರಾಂಶ ಸೇರಿಸಿತ್ತು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ಅದು ಒಳಗೆ ನುಸುಳಿ, ತಾನು ಇರುವುದೇ ಗೊತ್ತಾಗದಂತೆ ಅಡಗಿ ಕೂರುತ್ತಿತ್ತು. ಕಂಪ್ಯೂಟರ್ ಭದ್ರತೆಯಲ್ಲಿ ಪಳಗಿದ ಮಾರ್ಕ್ ರುಸಿನೋವಿಚ್ ತಮ್ಮದೇ ಯಂತ್ರದಲ್ಲಿ ಇದನ್ನು ಪತ್ತೆ ಮಾಡಿ ಅಕ್ಟೋಬರ್ 31ರಂದು ಜಗಜ್ಜಾಹೀರು ಮಾಡಿದರು. ಅದು ಅಡಗಿದ ಬಿಲದಲ್ಲೇ ವೈರಸ್‌ಗಳೂ ಅಡಗತೊಡಗಿದವು. ಮೊಕದ್ದಮೆಗಳು ಬಿದ್ದವು, ಸಿಡಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಂಡರು. ಆ ಹೊತ್ತಿನಲ್ಲಿ ಅದೇ ಹಾಡುಗಳನ್ನು ಕದ್ದು ಇಳಿಸಿಕೊಂಡವರ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ ಎಂಬುದನ್ನು ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಡೌನ್‌ಲೋಡ್ ವ್ಯಾಪಾರಕ್ಕೆ ಅಡಿಪಾಯ ಹಾಕಿದ ಆಪಲ್‌ನ ಐಟ್ಯೂನ್ಸ್ ಅಂಗಡಿಯೂ 2003ರಲ್ಲಿ ತೆರೆದದ್ದು ಬೀಗದೊಂದಿಗೇ. ಹಾಡಿಗೆ 99 ಸೆಂಟ್, ಬೀಗದ ಹೆಸರು ಫೇರ್‌ಪ್ಲೇ. ಅಲ್ಲಿ ಕೊಂಡ ಹಾಡು ಬೇರೆ ಕಂಪನಿಯ ಪ್ಲೇಯರಿನಲ್ಲಿ ನುಡಿಯುತ್ತಿರಲಿಲ್ಲ. 2007ರ ಫೆಬ್ರುವರಿಯಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಬೀಗ ತೆಗೆಯಲು ಬಿಡಿ ಎಂದು ಸಂಗೀತ ಕಂಪನಿಗಳನ್ನು ಕೇಳಿದರು. ಅವರು ಮುಂದಿಟ್ಟ ಲೆಕ್ಕ ಕುತೂಹಲದ್ದು: 2006ರಲ್ಲಿ ಜಗತ್ತಿನಾದ್ಯಂತ ಬೀಗ ಹಾಕಿ ಮಾರಿದ ಹಾಡುಗಳು 200 ಕೋಟಿಗಿಂತ ಕಡಿಮೆ, ಅದೇ ಕಂಪನಿಗಳು ಸಿಡಿಗಳಲ್ಲಿ ಯಾವ ಬೀಗವೂ ಇಲ್ಲದೆ ಮಾರಿದವು 2000 ಕೋಟಿಗಿಂತ ಹೆಚ್ಚು. ಹಿತ್ತಲ ಬಾಗಿಲು ಹಾರುಹೊಡೆದುಕೊಂಡು ಬಿದ್ದಿರುವಾಗ ಮುಂಬಾಗಿಲಿಗೆ ಬೀಗ ಯಾರನ್ನು ತಡೆಯಲು? (ಜಾಬ್ಸ್ ಅವರಿಗೆ ಆಗ ಯುರೋಪಿನ ಗ್ರಾಹಕ ಸಂಸ್ಥೆಗಳ ಒತ್ತಡವೂ ಇತ್ತು. ಪತ್ರದ ಹಿಂದೆ ಬರೀ ಸಂಗೀತಪ್ರೇಮ ಇತ್ತೆಂದು ನಂಬಬೇಕಾಗಿಲ್ಲ.) ಏಪ್ರಿಲ್‌ನಲ್ಲಿ ಅವುಗಳಲ್ಲೊಂದಾದ ಇಎಂಐ ಒಪ್ಪಿತು. ಸೆಪ್ಟೆಂಬರಿನಲ್ಲಿ ಅಮೆಜಾನ್ ಬೀಗವಿಲ್ಲದ ಎಂಪಿ3 ಅಂಗಡಿ ತೆರೆಯಿತು, 2008ರ ಜನವರಿಯ ಹೊತ್ತಿಗೆ ನಾಲ್ಕೂ ದೊಡ್ಡ ಕಂಪನಿಗಳು ಅಲ್ಲಿ ಸರಕು ಇಟ್ಟಿದ್ದವು. 2009ರಲ್ಲಿ ಆಪಲ್ ಪೂರ್ತಿ ಬೀಗ ತೆಗೆಯಿತು. ಆದರೆ ಮೊದಲೇ ಕೊಂಡವರು ತಮ್ಮ ಹಾಡಿನ ಬೀಗ ಬಿಚ್ಚಿಸಿಕೊಳ್ಳಲು ಹಾಡೊಂದಕ್ಕೆ ಮತ್ತೆ 30 ಸೆಂಟ್ ತೆರಬೇಕಾಯಿತು. ನಿಯತ್ತಾಗಿ ಮೊದಲು ಬಂದ ಗಿರಾಕಿಗೆ ಸಿಕ್ಕ ಬಹುಮಾನ!

ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡೆವು.

ಈಗ ನಮ್ಮ ಫೋನುಗಳಲ್ಲಿರುವ ಹಾಡಿನ ಆ್ಯಪ್‌ಗಳಲ್ಲಿ ಹಾಡಿನ ಪಕ್ಕದಲ್ಲಿ ಕೆಳಮುಖದ ಬಾಣವಿದೆ. ಒತ್ತಿದರೆ ಹಾಡು ಫೋನಿಗೆ ಇಳಿಯುತ್ತದೆ, ನೆಟ್‌ವರ್ಕ್ ಇಲ್ಲದ ಆಗುಂಬೆ ಘಾಟಿಯಲ್ಲೂ ಕೇಳುತ್ತದೆ. ಆದ್ದರಿಂದ ಅದು ನಮ್ಮ ಹತ್ತಿರ ಇದೆ ಎಂದು ನಂಬುತ್ತೇವೆ. ಅಲ್ಲಿ ಇರುವುದು ಗೂಢಲಿಪಿಯ ಫೈಲು, ಆ ಆ್ಯಪ್ ಬಿಟ್ಟು ಬೇರೆ ಯಾರೂ ಅದನ್ನು ಬಿಡಿಸಲಾರರು. ಸ್ಪಾಟಿಫೈಯಲ್ಲಿ 30 ದಿನಕ್ಕೊಮ್ಮೆಯಾದರೂ ಫೋನು ಇಂಟರ್‌ನೆಟ್ಟಿಗೆ ಹೋಗಿ ಹಾಜರಿ ಹಾಕದಿದ್ದರೆ ಇಳಿಸಿದ ಹಾಡುಗಳು ಸಿಗುವುದಿಲ್ಲ. ಚಂದಾ ನಿಲ್ಲಿಸಿದರೂ ಅಷ್ಟೆ. ಇದರಲ್ಲಿ ಮೋಸವಿಲ್ಲ, ತಿಂಗಳ ಬಾಡಿಗೆಗೆ ಹಾಡು ಕೇಳುವ ವ್ಯವಸ್ಥೆ ಅದು, ಬಾಡಿಗೆಯ ದುಡ್ಡಿನಲ್ಲೇ ಸರ್ವರಿನ ಖರ್ಚೂ ತೂಗುತ್ತದೆ. ಹಳೆಯ ಬೀಗದ ಅಂಗಡಿಗಳಿಗಿಂತ ಈ ಲೆಕ್ಕ ಪ್ರಾಮಾಣಿಕವೇ. ತಪ್ಪು ನಡೆಯುವುದು ಕೇಳುವವರ ಮನಸ್ಸಿನಲ್ಲಿ. ಹತ್ತು ವರ್ಷದಿಂದ ಕೂಡಿಟ್ಟ ಪಟ್ಟಿಯನ್ನು ‘ನನ್ನ ಕಲೆಕ್ಷನ್’ ಎನ್ನುವವರು, ಅಪ್ಪನ ಕಾಲದ ಕ್ಯಾಸೆಟ್ಟುಗಳನ್ನು ‘ಹೇಗೂ ಆ್ಯಪಿನಲ್ಲಿದೆಯಲ್ಲ’ ಎಂದು ಗುಜರಿಗೆ ಹಾಕಿದವರು ನಮ್ಮ ಸುತ್ತ ಎಷ್ಟಿಲ್ಲ?

ಆ ನಂಬಿಕೆಗೆ ಪೆಟ್ಟು ಬೀಳಲು ಶುರುವಾಗಿ ಕೆಲವು ವರ್ಷವಾಯಿತು. 2020ರ ಕೊನೆಗೆ ಗೂಗಲ್ ಪ್ಲೇ ಮ್ಯೂಸಿಕ್ ನಿಂತಿತು. ಕೊಂಡ ಹಾಡುಗಳನ್ನು ಯೂಟ್ಯೂಬ್ ಮ್ಯೂಸಿಕ್‌ಗೆ ಸಾಗಿಸಿಕೊಳ್ಳಲು ಇಲ್ಲವೇ ಇಳಿಸಿಕೊಳ್ಳಲು ಗಡುವು ಕೊಟ್ಟಿದ್ದರು, 2021ರ ಫೆಬ್ರುವರಿ ದಾಟಿದ ಮೇಲೆ ಎಲ್ಲ ಅಳಿಸಿಹೋಯಿತು. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಮತ್ತು ಸ್ಪಾಟಿಫೈ ನಡುವೆ ಕರಾರು ಮುರಿದು ಎಷ್ಟೋ ಹಿಂದಿ ಹಾಡುಗಳು ಜನರ ಪಟ್ಟಿಗಳಿಂದ ರಾತ್ರೋರಾತ್ರಿ ಕಾಣೆಯಾದವು. 2024ರ ಜನವರಿ ಕೊನೆಗೆ ರೆಸ್ಸೊ ಎಂಬ ಹಾಡಿನ ಆ್ಯಪ್ ಭಾರತದಲ್ಲಿ ಮುಚ್ಚಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪನ್ನು ನಿಲ್ಲಿಸುವುದಾಗಿ ಸಾರಿ ಚಂದಾದಾರರನ್ನು ಆಪಲ್ ಮ್ಯೂಸಿಕ್ ಕಡೆಗೆ ಕಳಿಸಿತು. ಹೆಚ್ಚೆಂದರೆ ದಶಕದ ಆಸುಪಾಸಿನಲ್ಲಿ ಹುಟ್ಟಿ ಸತ್ತ ಇಂಥ ಆ್ಯಪ್‌ಗಳ ಹೊಟ್ಟೆಯೊಳಗಿನ ಗೂಢಲಿಪಿಯ ಹಾಡುಗಳಿಗೆ ಹೊರದಾರಿ ಇಲ್ಲ.

ಕನ್ನಡದವರು ಇದನ್ನು ಇನ್ನೂ ಹೆಚ್ಚಿನ ಎಚ್ಚರದಿಂದ ನೋಡಬೇಕಾದ ಕಾರಣವಿದೆ. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಆ ಕ್ಯಾಸೆಟ್ ಯಾರ ಮನೆಯಲ್ಲಾದರೂ ಬೂಷ್ಟು ಹಿಡಿಯದೆ ಉಳಿದಿದ್ದರೆ ಇವತ್ತೂ ಟೇಪ್‌ರೆಕಾರ್ಡರಿಗೆ ಹಾಕಿ ಕೇಳಬಹುದು, ಕಂಪ್ಯೂಟರಿಗೆ ಏರಿಸಬಹುದು. ಯಾರ ಅಪ್ಪಣೆಯನ್ನೂ ಆ ರೀಲು ಕೇಳುವುದಿಲ್ಲ. ಕರಾವಳಿಯ ತಾಳಮದ್ದಳೆ, ಯಕ್ಷಗಾನದ ಕ್ಯಾಸೆಟ್ಟುಗಳ ಕತೆಯೂ ಇದೇ. ಅವುಗಳನ್ನು ತಂದ ಕಂಪನಿಗಳಲ್ಲಿ ಎಷ್ಟೋ ಈಗ ಇಲ್ಲ. ತಾಳಮದ್ದಳೆಯ ಹಿರಿಯ ಅರ್ಥಧಾರಿಗಳಾದ ಶೇಣಿಯವರ, ಸಾಮಗರ ಅರ್ಥಗಾರಿಕೆಯನ್ನು ಇವತ್ತಿನ ಹುಡುಗರು ಕೇಳುತ್ತಿದ್ದಾರೆಂದರೆ ಅದಕ್ಕೆ ಅಭಿಮಾನಿಗಳೇ ಕಾರಣ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ, ಜಾಳುಜಾಳಾದ ಟೇಪನ್ನು ಅಂಟಿಸಿ, ರಾತ್ರಿಯೆಲ್ಲ ಕೂತು ಡಿಜಿಟಲ್ ಮಾಡಿದವರು ಅವರು. ಕಾಪಿರೈಟ್ ಲೆಕ್ಕದಲ್ಲಿ ಆ ಕೆಲಸ ಎಲ್ಲ ಕಡೆಯೂ ಶುದ್ಧವಲ್ಲ, ಒಪ್ಪೋಣ. ಆದರೆ ಸಣ್ಣ ಭಾಷೆಯೊಂದರ ಸಂಗೀತ ಉಳಿದುಕೊಂಡು ಬಂದ ದಾರಿ ಇದೇ. ಕಂಪನಿ ಕಾಪಾಡಿದ್ದಕ್ಕಿಂತ ಕೇಳುಗ ಕಾಪಾಡಿದ್ದು ಹೆಚ್ಚು. ನಾಳೆ ಒಬ್ಬ ಭಾಗವತರ ಹಾಡು ಆ್ಯಪಿನ ಬೀಗದೊಳಗೆ ಮಾತ್ರ ಬಿಡುಗಡೆಯಾಗಿ, ಆ ಆ್ಯಪ್ ಮುಚ್ಚಿದರೆ, ಮೂವತ್ತು ವರ್ಷದ ನಂತರ ಅಟ್ಟ ಹತ್ತಿದವನಿಗೆ ಏನು ಸಿಕ್ಕೀತು? ಹಿಂದಿ ಇಂಗ್ಲಿಷ್ ಹಾಡುಗಳಾದರೆ ಒಂದಲ್ಲ ಒಂದು ಕಂಪನಿ ಮತ್ತೆ ತರುತ್ತದೆ. ಹಳೆಯ ಜನಪದ ಗೀತೆಯ ಆಲ್ಬಮನ್ನು ಹೊಸ ಸರ್ವರಿಗೆ ಸಾಗಿಸಲು ಯಾವ ಮ್ಯಾನೇಜರ್ ದುಡ್ಡು ಮಂಜೂರು ಮಾಡುತ್ತಾನೆ?

ಅಂಗಡಿ ಮುಳುಗುವ ಮುಂಚೆ ಲಕ್ಷಣಗಳು ಕಾಣುತ್ತವೆ. 2008ರ ಅನಾಹುತ 2006ರಲ್ಲೇ ಗೋಡೆಯ ಮೇಲೆ ಬರೆದಿತ್ತು. ಮೈಕ್ರೊಸಾಫ್ಟ್ ಅದಕ್ಕೂ ಎರಡು ವರ್ಷ ಹಿಂದೆ ‘ಪ್ಲೇಸ್‌ಫಾರ್‌ಶೂರ್’ ಎಂಬ ಮುದ್ರೆ ತಂದು, ಈ ಗುರುತಿರುವ ಹಾಡು ಈ ಗುರುತಿರುವ ಯಾವ ಪ್ಲೇಯರಿನಲ್ಲೂ ಖಂಡಿತ ನುಡಿಯುತ್ತದೆ ಎಂದು ಭರವಸೆ ಕೊಟ್ಟಿತ್ತು. 2006ರಲ್ಲಿ ತನ್ನದೇ ಹೊಸ ಪ್ಲೇಯರ್ ಝೂನ್ ಬಿಡುಗಡೆ ಮಾಡಿದಾಗ ಅದರಲ್ಲಿ ಆ ಹಾಡುಗಳು ನುಡಿಯಲಿಲ್ಲ! ತನ್ನ ಮಾತನ್ನು ತಾನೇ ನುಂಗಿದ ಕಂಪನಿ ಇನ್ನೆಷ್ಟು ದಿನ ಕೀಲಿ ಕೊಟ್ಟೀತೆಂದು ಅವತ್ತೇ ಕೇಳಬೇಕಿತ್ತು. ಕೇಳಿದವರೂ ಇದ್ದರು, ಕಿವಿಗೊಟ್ಟವರು ಕಡಿಮೆ. ಇನ್ನುಳಿದ ಲಕ್ಷಣಗಳೂ ಹೀಗೆಯೇ ಸಣ್ಣವು. ಆ್ಯಪಿನ ಮುಖಪುಟದಲ್ಲಿದ್ದ ಖರೀದಿ ಗುಂಡಿ ಮೆನುವಿನ ಒಳಗೆ, ಅದರ ಒಳಗೆ ಸರಿಯುತ್ತ ಹೋಗುತ್ತದೆ. ಕಂಪ್ಯೂಟರಿಗೆ ಇಳಿಸುವ ಸೌಕರ್ಯ ತೆಗೆದು ಫೋನಿನಲ್ಲಿ ಮಾತ್ರ ಎನ್ನುತ್ತಾರೆ. ಪ್ಲೇಯರ್ ತಂತ್ರಾಂಶ ವರ್ಷಗಟ್ಟಲೆ ನವೀಕರಣ ಕಾಣುವುದಿಲ್ಲ. ಕಂಪನಿ ಕೈಬದಲಾಗುತ್ತದೆ. ‘ನಮ್ಮ ನಿಯಮಗಳಲ್ಲಿ ಬದಲಾವಣೆ’ ಎಂಬ ಇಮೇಲ್ ಬರುತ್ತದೆ, ನಾವು ಓದದೆ ಅಳಿಸುತ್ತೇವೆ. ಅದೇ ಮೈಕ್ರೊಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ಓದುಗರ ಕೈಯಿಂದ ಮಾಯವಾದವು. ದುಡ್ಡು ವಾಪಸು ಕೊಟ್ಟರು, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೇಲೆ 25 ಡಾಲರ್ ಸೇರಿಸಿದರು. ಟಿಪ್ಪಣಿಗೆ ಬೆಲೆ ಕಟ್ಟಿದ ಮೊದಲ ಪ್ರಕಾಶಕರು ಇವರೇ ಇರಬೇಕು.

ಹಾಗಾದರೆ ಎಲ್ಲಿ ಕೊಳ್ಳುವುದು? ಅಂಗಡಿಯ ಹೆಸರು ಹೇಳುವುದಕ್ಕಿಂತ ಪರೀಕ್ಷೆ ಹೇಳುವುದು ಮೇಲು. ಮೊದಲು ಒಂದೇ ಒಂದು ಹಾಡು ಕೊಳ್ಳಿ. ಅದನ್ನು ಪೆನ್‌ಡ್ರೈವಿಗೆ ಹಾಕಿ, ಅಂಗಡಿಯ ಆ್ಯಪ್ ಇಲ್ಲದ, ಇಂಟರ್‌ನೆಟ್ ಇಲ್ಲದ ಯಾವುದಾದರೂ ಯಂತ್ರಕ್ಕೆ ಚುಚ್ಚಿ. ಕಾರಿನ ಸ್ಟೀರಿಯೊ ಆದರೂ ಸರಿ, ಟ್ರ್ಯಾಕ್ಟರಿನ ಡಬ್ಬಾ ಪ್ಲೇಯರ್ ಆದರೂ ಸರಿ. ಹಾಡಿದರೆ ಆ ಅಂಗಡಿಯಲ್ಲಿ ಇನ್ನಷ್ಟು ಕೊಳ್ಳಬಹುದು. ಹಾಡದಿದ್ದರೆ, ಬೆಲೆ ಎಷ್ಟೇ ಅಗ್ಗವಿರಲಿ, ಅದು ಮುಂಗಡ ಕೊಟ್ಟ ಬಾಡಿಗೆ. ಎಂಪಿ3 ಮೇಲಿನ ಪೇಟೆಂಟ್‌ಗಳೂ 2017ರ ಹೊತ್ತಿಗೆ ತೀರಿಹೋಗಿವೆ, ಅದನ್ನು ನುಡಿಸಲು ಯಾರೂ ಯಾರಿಗೂ ರಾಯಧನ ಕೊಡಬೇಕಿಲ್ಲ. ಧ್ವನಿಯ ಗುಣಮಟ್ಟ ಮುಖ್ಯವೆನ್ನುವವರು ಫ್ಲ್ಯಾಕ್ ರೂಪದಲ್ಲಿ ಕೊಳ್ಳಲಿ, ಅದರಲ್ಲಿ ಏನೂ ನಷ್ಟವಾಗಿರುವುದಿಲ್ಲ.

ಈ ಪರೀಕ್ಷೆಯಲ್ಲಿ ಪಾಸಾಗುವ ಅಂಗಡಿಗಳು ನಮಗೆ ಎಟಕುವಂತೆ ಹೆಚ್ಚಿಲ್ಲ. ಐಟ್ಯೂನ್ಸ್ 2012ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂತು, ಅಲ್ಲಿ ಕೊಂಡ ಹಾಡಿಗೆ ಬೀಗವಿಲ್ಲ. ಆದರೆ ಫೈಲಿನೊಳಗೆ ಕೊಂಡವರ ಖಾತೆಯ ಗುರುತು ಬರೆದಿರುತ್ತದೆ, ಟೆಲಿಗ್ರಾಂ ಗುಂಪಿಗೆ ಹಂಚುವ ಉದಾರಿಗಳು ನೆನಪಿಟ್ಟುಕೊಳ್ಳಲಿ. ನನಗೆ ಈ ಗುರುತಿನ ಬಗ್ಗೆ ತಕರಾರಿಲ್ಲ, ಬೀಗಕ್ಕಿಂತ ಇದು ಸಾವಿರ ಪಾಲು ಮರ್ಯಾದಸ್ಥ ವಿಧಾನ. ಕಂಪನಿಗಳ ಹಂಗಿಲ್ಲದೆ ಹಾಡುವವರ ಮಟ್ಟಿಗೆ ಬ್ಯಾಂಡ್‌ಕ್ಯಾಂಪ್ ಇದೆ. ಎಂಪಿ3, ಫ್ಲ್ಯಾಕ್ ಯಾವುದು ಬೇಕೋ ಅದನ್ನು ಕೊಳ್ಳುವವರೇ ಆರಿಸಿಕೊಳ್ಳಬಹುದು, ಅಂಗಡಿ ಹಿಡಿದುಕೊಳ್ಳುವುದು ಶೇಕಡಾ 15, ಒಂದು ಮಟ್ಟ ದಾಟಿದರೆ 10. ಆದರೆ ಮೇಲೆ ಹೇಳಿದ ಲಕ್ಷಣವೊಂದು ಅಲ್ಲಿಯೂ ಕಂಡಿದೆ. 2022ರಲ್ಲಿ ಅದನ್ನು ಎಪಿಕ್ ಗೇಮ್ಸ್ ಕೊಂಡಿತು, ಮರುವರ್ಷವೇ ಸಾಂಗ್‌ಟ್ರೇಡರ್‌ಗೆ ಮಾರಿತು, ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ಹೆದರಿ ಓಡಬೇಕಿಲ್ಲ. ಕೊಂಡದ್ದನ್ನು ಅಂಗಡಿಯ ಕಪಾಟಿನಲ್ಲೇ ಬಿಡದೆ ಇಳಿಸಿ, ಎರಡು ಕಡೆ ಇಟ್ಟುಕೊಂಡರೆ ಸಾಕು. ಬೀಗವಿಲ್ಲದ ಸರಕಿನ ಸುಖ ಅದು.

ಬೀಗವನ್ನು ನಾವೇ ಒಡೆದರಾಯಿತಲ್ಲ ಎನ್ನುವವರಿಗೆ ಎರಡು ಮಾತು. ಅಮೆರಿಕದ 1998ರ ಕಾನೂನು ತಾನೇ ಕೊಂಡ ಫೈಲಿನ ಬೀಗ ಒಡೆಯುವುದನ್ನೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮದು ಅಷ್ಟು ಕಟುವಲ್ಲ. 2012ರ ತಿದ್ದುಪಡಿಯಲ್ಲಿ ಬಂದ ಕಾಪಿರೈಟ್ ಕಾಯ್ದೆಯ 65ಎ ಕಲಂ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ ಎನ್ನುತ್ತದೆ. ಉದ್ದೇಶ ಎಂಬ ಆ ಷರತ್ತಿನಲ್ಲಿ ಸಾಮಾನ್ಯ ಗಿರಾಕಿಗೆ ಉಸಿರಾಡಲು ಜಾಗವಿದೆ. ಆದರೆ ಬೀಗ ಒಡೆಯಲು ಇನ್ನೊಬ್ಬರಿಗೆ ನೆರವಾಗುವವನು ಅವರ ಹೆಸರು, ವಿಳಾಸ, ಉದ್ದೇಶವನ್ನೆಲ್ಲ ದಾಖಲೆ ಮಾಡಿ ಇಟ್ಟುಕೊಳ್ಳಬೇಕೆಂದೂ ಅದೇ ಕಲಂ ಹೇಳುತ್ತದೆ. ಹಳೆಯ ಹಾಡು ಬಿಡಿಸಿಕೊಡಿ ಎಂದು ಬಂದವರಿಗಾಗಿ ಬೀದಿ ಮೂಲೆಯ ಕಂಪ್ಯೂಟರ್ ಅಂಗಡಿಯ ಹುಡುಗ ರಿಜಿಸ್ಟರ್ ಇಡುವ ದೃಶ್ಯವನ್ನು ಕಾನೂನು ಬರೆದವರು ನಿಜವಾಗಿ ಕಲ್ಪಿಸಿಕೊಂಡಿದ್ದರೇ? ಕಾನೂನು ಬಿಟ್ಟರೂ ಕೈಕೆಲಸ ಸುಲಭವಲ್ಲ. ಬೀಗದ ಹಾಡನ್ನು ಸಿಡಿಗೆ ಬರೆದು ಮತ್ತೆ ಎಂಪಿ3 ಮಾಡಿಕೊಳ್ಳುವುದು ಆ ಕಾಲದ ಗಿರಾಕಿಗಳು ಹಿಡಿದ ದಾರಿ. ಎರಡೆರಡು ಸಲ ಹಿಂಡಿದ ಧ್ವನಿ ಸಪ್ಪೆಯಾಗುತ್ತಿತ್ತು.

ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಮಾಡಿದ ಕಾನೂನೊಂದು 2025ರ ಜನವರಿಯಿಂದ ಜಾರಿಯಲ್ಲಿದೆ. ಕೊಡುತ್ತಿರುವುದು ಬರೀ ಪರವಾನಗಿಯಾಗಿದ್ದರೆ, ಅದನ್ನು ಗಿರಾಕಿಗೆ ಮುಚ್ಚುಮರೆಯಿಲ್ಲದೆ ತಿಳಿಸದೆ ‘ಬೈ’ ಎಂಬ ಗುಂಡಿ ಇಡುವಂತಿಲ್ಲ. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಸರಕಿಗೆ ಈ ಕಟ್ಟಳೆ ಇಲ್ಲ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮಳ್ಳ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಬರೀ ಪರವಾನಗಿಯನ್ನು ಮಾರಾಟವೆಂದು ತೋರಿಸುವ ಈ ತಂತ್ರ ಆ ಪಟ್ಟಿಯಲ್ಲಿಲ್ಲ. ಹದಿನಾಲ್ಕನೆಯದಾಗಿ ಸೇರಿಸಲು ಯಾರ ಅಡ್ಡಿಯೂ ಇಲ್ಲ. ರಾಜ್ಯದ ಸಂಸದರೊಬ್ಬರು ಸದನದಲ್ಲಿ ಒಂದು ಪ್ರಶ್ನೆ ಕೇಳಿದರೂ ಚಕ್ರ ಉರುಳಲು ಶುರುವಾದೀತು.

ಇದಕ್ಕಿಂತ ಬೇಗ ಆಗಬಹುದಾದ ಕೆಲಸ ನಮ್ಮ ಸಂಗೀತ ಕಂಪನಿಗಳ ಕೈಯಲ್ಲಿದೆ. ಲಹರಿ, ಆನಂದ್ ಆಡಿಯೊದಂಥ ಬೆಂಗಳೂರಿನ ಕಂಪನಿಗಳ ಕಪಾಟಿನಲ್ಲಿ ದಶಕಗಳ ಕನ್ನಡ ಹಾಡು ತುಂಬಿದೆ. ಯೂಟ್ಯೂಬಿನಲ್ಲಿ, ಆ್ಯಪ್‌ಗಳಲ್ಲಿ ಅವು ಕೇಳಲು ಸಿಗುತ್ತವೆ. ಆ ಕಪಾಟಿನಿಂದ ಗಿರಾಕಿ ನೇರವಾಗಿ ಶುದ್ಧ ಫೈಲು ಕೊಳ್ಳುವ ಕನ್ನಡದ ಸ್ವಂತ ಅಂಗಡಿ ಇಲ್ಲ ಎಂಬುದೇ ನಮ್ಮ ಕೊರತೆ. ಚಿಲ್ಲರೆ ಪಾವತಿಯ ತಾಪತ್ರಯ ಈಗ ನೆಪವಾಗಿ ಉಳಿದಿಲ್ಲ, ಎಳನೀರಿನ ಗಾಡಿಯ ಮೇಲೂ ಕ್ಯೂಆರ್ ಕೋಡ್ ತೂಗುತ್ತಿದೆ. ಕದಿಯುವವರು ಕದಿಯುತ್ತಾರೆ ಎಂಬುದೂ ನೆಪವೇ, ಅವರಿಗೆ ಯೂಟ್ಯೂಬಿನಿಂದ ಕದಿಯಲು ಈಗಲೂ ತಡೆಯಿಲ್ಲ. ಎಲ್ಲರೂ ಕೊಳ್ಳುವುದಿಲ್ಲ ನಿಜ. ಸಿ. ಅಶ್ವಥ್ ಅವರ ಭಾವಗೀತೆಗಳನ್ನು ಒಳ್ಳೆಯ ಗುಣಮಟ್ಟದಲ್ಲಿ, ಯಾರು ಬರೆದದ್ದು, ಯಾರು ನುಡಿಸಿದ್ದು ಎಂಬ ವಿವರದೊಂದಿಗೆ ಮಕ್ಕಳಿಗೆ ಬಿಟ್ಟುಹೋಗುವಂತೆ ಕೊಡುತ್ತೇವೆಂದರೆ ದುಡ್ಡು ಕೊಡುವ ಕೆಲವು ಸಾವಿರ ಜನ ಕರ್ನಾಟಕದಲ್ಲೂ ಹೊರಗೂ ಇದ್ದಾರೆಂದು ನಾನು ನಂಬುತ್ತೇನೆ. ಅಂಗಡಿ ನಡೆಸಲು ಅಷ್ಟು ಜನ ಸಾಲದಿದ್ದರೆ, ಮುಚ್ಚಲಿ. ಕೊಂಡವರ ಹತ್ತಿರ ಹಾಡು ಇರುತ್ತದೆ.

ಅಂಥ ಅಂಗಡಿಗೆ ಕಾಯದೆ ಹೊರದೇಶದ ಕನ್ನಡಿಗರು ಈ ವಾರವೇ ಮಾಡಬಹುದಾದ ಒಂದು ಕೆಲಸವಿದೆ. 2009ಕ್ಕೆ ಮೊದಲು ಐಟ್ಯೂನ್ಸಿನಲ್ಲಿ ಹಾಡು ಕೊಂಡವರು ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಫೈಲಿನ ಹೆಸರಿನ ಕೊನೆ ನೋಡಬೇಕು. ‘.ಎಂ4ಎ’ ಎಂದಿದ್ದರೆ ಚಿಂತೆಯಿಲ್ಲ. ‘.ಎಂ4ಪಿ’ ಎಂದಿದ್ದರೆ ಬೀಗ ಇನ್ನೂ ಇದೆ. ಆಪಲ್ 2011ರಲ್ಲಿ ತಂದ ಐಟ್ಯೂನ್ಸ್ ಮ್ಯಾಚ್ ಎಂಬ ವಾರ್ಷಿಕ ಚಂದಾ ಮೂಲಕ ಅಂಥ ಹಾಡುಗಳಿಗೆ ಬೀಗವಿಲ್ಲದ ಪ್ರತಿ ಪಡೆಯಬಹುದು, ಒಂದು ವರ್ಷದ ದುಡ್ಡು ಕೊಟ್ಟು ಕೆಲಸ ಮುಗಿಸಿಕೊಂಡರಾಯಿತು. ಊರಿಗೆ ಮರಳುವ ಯೋಚನೆ ಇರುವವರು ಖಾತೆಯ ದೇಶ ಬದಲಿಸುವ ಮುಂಚೆ ಕೊಂಡದ್ದನ್ನೆಲ್ಲ ಇಳಿಸಿಟ್ಟುಕೊಳ್ಳಬೇಕು, ಏಕೆಂದರೆ ಭಾರತದ ಅಂಗಡಿಯಲ್ಲಿ ಇಲ್ಲದ ಹಾಡು ಆಮೇಲೆ ಮತ್ತೆ ಇಳಿಸಿಕೊಳ್ಳಲು ಸಿಗದೇ ಹೋಗಬಹುದು.